ಗಿಟಾರಿನ ಹೊಟ್ಟೆಗೆ ಕನ್ನಡಿ ಹಿಡಿದ ಮಹಾಬಲೇಶ್ವರ

ಮಹಾಬಲೇಶ್ವರರನ್ನು ಯಾರಾದರೂ ತಂದು ನನ್ನ ಅಂಗಡಿಯ ಮೇಜಿನ ಮೇಲೆ ಕೂರಿಸಿ, ಇದನ್ನು ಮಾರಿಕೊಡಿ ಎಂದರೆ ನಾನು ಚೀಟಿ ಬರೆಯುವುದು ಹೀಗೆ: ನಲವತ್ತಮೂರು ವರ್ಷ ಬಳಸಿದ್ದು. ಎತ್ತರ ಸಾಧಾರಣ, ತೂಕ ಕಡಿಮೆ. ಮೇಲ್ಭಾಗದಲ್ಲಿ ಕೂದಲು ಸವೆದಿದೆ. ಕನ್ನಡಕ ಮೂಲದ್ದಲ್ಲ, ಆಮೇಲೆ ಹಾಕಿಸಿದ್ದು. ಸದ್ದು ಮಾಡುವುದಿಲ್ಲ. ಕಾಫಿ ಹೆಚ್ಚು ಕುಡಿಯುತ್ತದೆ. ಎಲ್ಲ ಭಾಗಗಳೂ ಸುಸ್ಥಿತಿಯಲ್ಲಿವೆ, ಒಬ್ಬರೇ ಮಾಲೀಕರು.

ಬೆಲೆ ಬರೆಯುವ ಜಾಗವನ್ನು ಖಾಲಿ ಬಿಡುತ್ತೇನೆ. ಮೊದಮೊದಲು ಅಲ್ಲಿ ಸೊನ್ನೆ ಹಾಕುತ್ತಿದ್ದೆ. ಮೂರು ವರ್ಷದಲ್ಲಿ ಆ ಮನುಷ್ಯ ನನ್ನ ಅಂಗಡಿಗೆ ಹನ್ನೊಂದು ಸಲ ಬಂದಿದ್ದರು, ಒಂದು ಚಮಚವನ್ನೂ ಕೊಂಡಿರಲಿಲ್ಲ. ಅದಕ್ಕೂ ಮಿಗಿಲಾಗಿ, ಆ ಹನ್ನೊಂದರಲ್ಲಿ ಏಳು ಸಲ ಬೇರೆಯವರು ಕೊಳ್ಳದಂತೆ ಮಾಡಿದ್ದರು.

ವಿಷಯ ಇಷ್ಟೇ. ನನ್ನದು ಡಚ್ಚರ ದೇಶದ ಆಮರ್ಸ್‌ಫೋರ್ಟ್‌ನಲ್ಲಿ ಹಳೆಯ ಸಾಮಾನಿನ ಅಂಗಡಿ. ಹದಿನಾರು ವರ್ಷದ ಹಿಂದೆ ಊದುಬತ್ತಿ ಮಾರಲು ದಾವಣಗೆರೆಯಿಂದ ಬಂದವನು, ಈ ದೇಶದವರಿಗೆ ಪರಿಮಳಕ್ಕಿಂತ ಹಳೆಯ ಸೈಕಲ್ಲು ಹೆಚ್ಚು ಇಷ್ಟ ಎಂದು ತಿಳಿದು ಕಸುಬು ಬದಲಾಯಿಸಿದೆ. ತೊಂಬತ್ತೈದರಿಂದ ಬೆಂಗಳೂರು ಮೈಸೂರಿನ ಕಂಪ್ಯೂಟರ್ ಜನ ಬರತೊಡಗಿದರು. ಎರಡು ಸಾವಿರದ ಇಸವಿ ಹುಟ್ಟಿದ ಕ್ಷಣಕ್ಕೆ ಬ್ಯಾಂಕಿನ ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದಂತೆ, ಅದಕ್ಕೆ ಮೊದಲೇ ಮದ್ದು ಅರೆಯಲು ಇವರು. ಪರ್ಮಿಟ್ಟು ಎರಡೆರಡು ವರ್ಷದ್ದು, ಹೊಸ ಸಾಮಾನಿಗೆ ದುಡ್ಡು ಹಾಕುವ ಮನಸ್ಸಿಲ್ಲ, ಕನ್ನಡ ಮಾತಾಡುವ ಶೆಟ್ಟಿ ಒಬ್ಬ ಸಿಕ್ಕಿದ. ನನಗೆ ಸುಗ್ಗಿಯೇ ಆಗಬೇಕಿತ್ತು.

ಆದರೆ ನಮ್ಮವರಿಗೆ ಒಬ್ಬರೇ ಹೋಗಿ ಕೊಳ್ಳುವುದು ಗೊತ್ತಿಲ್ಲ. ಎತ್ತು ಕೊಳ್ಳಲಿ, ಸೈಟು ಕೊಳ್ಳಲಿ, ಹೆಣ್ಣು ನೋಡಲಿ, ಜೊತೆಗೆ ಒಬ್ಬರು ತಿಳಿದವರು ಬೇಕು. ಆಮರ್ಸ್‌ಫೋರ್ಟ್‌ನ ಕನ್ನಡಿಗರಿಗೆ ಆ ತಿಳಿದವರು ಮಹಾಬಲೇಶ್ವರ. ಅವರ ಕಸುಬೇ ಪರೀಕ್ಷೆ ಮಾಡುವುದು. ಸ್ಲೋಟರ್‌ಡೈಕ್‌ನ ಒಂದು ಬ್ಯಾಂಕಿನ ಆಫೀಸಿನಲ್ಲಿ ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಿ ಮುರಿಯುತ್ತದೆ ಎಂದು ದಿನವಿಡೀ ಹುಡುಕುತ್ತಾರೆ. ಆ ಚಟ ಶನಿವಾರವೂ ಬಿಡುವುದಿಲ್ಲ. ವಾಷಿಂಗ್ ಮೆಷಿನ್ ಆದರೆ ಅದನ್ನು ಓಡಿಸಿ ಮೇಲೊಂದು ನಾಣ್ಯವನ್ನು ನಿಲ್ಲಿಸುತ್ತಾರೆ. ಬಿದ್ದರೆ ಬೇರಿಂಗ್ ಹೋಗಿದೆ ಎಂದು ಅರ್ಥ. ಸೈಕಲ್ಲಾದರೆ ನಂಬರನ್ನು ಯಾರಾದರೂ ಅರದಿಂದ ಉಜ್ಜಿದ್ದಾರೆಯೇ ಎಂದು ಬೆರಳಾಡಿಸುತ್ತಾರೆ. ಬಾಯಲ್ಲಿ ದೂರಿಲ್ಲ, ಚೌಕಾಸಿಯಿಲ್ಲ. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರೆ ನನ್ನ ವ್ಯಾಪಾರ ಮುರಿಯಿತು. ಒಮ್ಮೆ ಚೇತನ್ ಎಂಬ ಹುಡುಗನಿಗೆ ನಾನು ಒಂದು ಸೋಫಾವನ್ನು ಇನ್ನೇನು ಕಟ್ಟಿಕೊಡಬೇಕು, ಇವರು ಅದರ ಕೆಳಗೆ ಮಲಗಿ ಟಾರ್ಚ್ ಹಾಕಿ, ಎದ್ದು ಬಂದು, ಕನ್ನಡಕ ಒರೆಸಿದರು. ಎಂಬತ್ತು ಗಿಲ್ಡರ್ ನೀರುಪಾಲಾಯಿತು.

ಅವರ ಹೆಂಡತಿ ಅನಸೂಯ ನನ್ನ ಹೆಂಡತಿ ಪ್ರಭಾಳ ಹತ್ತಿರ ಒಮ್ಮೆ ಹೇಳಿದ್ದರಂತೆ: "ಊರೋರ್ ವಾಷಿಂಗ್ ಮೆಷಿನ್ ಎಲ್ಲಾ ನೋಡ್ಕೊಂಡ್ ಬರ್ತಾರೆ ಕಣ್ರೀ. ನಮ್ಮನೇದು ಆರು ತಿಂಗಳಿಂದ ಸೋರ್ತಾ ಇದೆ."

ಅಂಥವರು ತೊಂಬತ್ತೆಂಟರ ಅಕ್ಟೋಬರಿನ ಒಂದು ಸಂಜೆ ಒಬ್ಬರೇ ಬಂದರು. ಜೊತೆಗೆ ಗಿರಾಕಿ ಇಲ್ಲ. ನಾನು ಅಂಗಡಿಯ ಒಳಗೆಲ್ಲ ಕಣ್ಣಾಡಿಸಿದೆ, ಏನನ್ನು ಕೆಡಿಸಲು ಬಂದರಪ್ಪ ಎಂದು. ಅವರು ಪತ್ರಿಕೆಯಿಂದ ಕತ್ತರಿಸಿದ ಒಂದು ಸಣ್ಣ ಜಾಹೀರಾತನ್ನು ಮೇಜಿನ ಮೇಲಿಟ್ಟರು. ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ಒಬ್ಬರು ಹಳೆಯ ಗಿಟಾರ್ ಮಾರುತ್ತಿದ್ದಾರೆ: ಹಾಲೋವೆಲ್ ಎಂಬ ಅಮೆರಿಕದ ಕಾರ್ಖಾನೆಯದು, ಸುಮಾರು ೧೯೫೧, ಆರ್ಚ್‌ಟಾಪ್, ಬೆಲೆ ಕಟ್ಟಿಸಿದ ಬೆಲೆಪತ್ರ ಸಹಿತ, ನಾಲ್ಕು ಸಾವಿರದ ಐನೂರು ಗಿಲ್ಡರ್.

"ಶನಿವಾರ ನನ್ನ ಜೊತೆ ಬರ್ತೀರಾ ಶೆಟ್ರೇ?" ಎಂದರು.

ಗಿಟಾರಿನ ವಿಷಯ ನನಗೇನು ಗೊತ್ತು ಎಂದೆ. ಅದೇ ಬೇಕಾಗಿರುವುದು ಎಂದರು. ಆಮೇಲೆ ಕೂತು ಎರಡು ಲೋಟ ಕಾಫಿ ಕುಡಿಯುತ್ತ ಮೂರು ವರ್ಷದಲ್ಲಿ ಆಡದಷ್ಟು ಮಾತಾಡಿದರು.

ಮಹಾಬಲೇಶ್ವರರ ಹೆಸರು ಗೋಕರ್ಣದ್ದು, ಮಾತು ಶ್ರೀರಾಮಪುರದ್ದು. ಬೆಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗಿನಿಂದ ಕೆಲಸ ಸಿಗುವವರೆಗೆ ಎಂಟು ವರ್ಷ ಅವರು ನಾರಾಯಣಸ್ವಾಮಿ ಎನ್ನುವವರ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸಿದವರು. ಗಣೇಶನ ಹಬ್ಬದ ಒಂದು ತಿಂಗಳು ದಿನಕ್ಕೊಂದು ಬೀದಿ, ದಿನಕ್ಕೊಂದು ಪೆಂಡಾಲು. ಕೆಳಗೆ ಜನ ಸಿನಿಮಾ ಹಾಡಿಗೆ ಶಿಳ್ಳೆ ಹಾಕುತ್ತಿದ್ದರೆ ಮೇಲೆ ಇವರು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ನುಡಿಸುವುದು. ಆದರೆ ಗಿಟಾರ್ ಇವರದ್ದಲ್ಲ, ನಾರಾಯಣಸ್ವಾಮಿಯವರದ್ದು. ಎಂಥದು? ಸಾಮಾನ್ಯ ಗಿಟಾರಿನ ಹಾಗೆ ಚಪ್ಪಟೆ ಅಲ್ಲ. ಎದೆ ಉಬ್ಬಿದ್ದು, ಪಿಟೀಲಿಗೆ ಇರುವಂತೆ ಎರಡು ಪಕ್ಕ ಎರಡು ಬಾಗಿದ ಸೀಳು. ಅದಕ್ಕೇ ಆರ್ಚ್‌ಟಾಪ್ ಎನ್ನುವುದು. ಹಾಲೋವೆಲ್ ಎಂದು ನಾರಾಯಣಸ್ವಾಮಿ ಹೇಳಿಕೊಳ್ಳುತ್ತಿದ್ದರು. ಕಾರ್ಯಕ್ರಮ ಮುಗಿದ ಕೂಡಲೇ ಕೈಯಿಂದ ತೆಗೆದುಕೊಂಡು, ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಎಂಟು ವರ್ಷದಲ್ಲಿ ಒಂದು ದಿನವೂ ಆ ಗಿಟಾರನ್ನು ಇವರು ಮನೆಗೆ ಒಯ್ದವರಲ್ಲ. ನಂತರ ಕೆಲಸ, ಮದುವೆ, ಸಂಸಾರ. ಸ್ವಂತಕ್ಕೆ ಗಿಟಾರ್ ಎಂಬುದೇ ಆಗಲಿಲ್ಲ.

"ಮೂರು ವರ್ಷದಿಂದ ಎತ್ತಿಟ್ಟಿದೀನಿ ಶೆಟ್ರೇ. ಇನ್ನೊಂದು ವರ್ಷಕ್ಕೆ ಕಾಂಟ್ರ್ಯಾಕ್ಟ್ ಮುಗಿಯತ್ತೆ. ತಗೊಂಡ್ರೆ ಇದೊಂದು."

"ನೀವೇ ಪರೀಕ್ಷೆ ಮಾಡೋರು. ನಾನ್ಯಾಕೆ?"

"ನಂಗೆ ಅದು ಬೇಕಾಗ್ಬಿಟ್ಟಿದೆ. ಬೇಕಾದೋನಿಗೆ ಕಣ್ಣು ಕಾಣಲ್ಲ. ನೀವು ಬೇಡಾದೋರಾಗಿ ಬನ್ನಿ."

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಬೇಡಾದವನಾಗಿ ಕರೆದಿರಲಿಲ್ಲ. ಒಪ್ಪಿಕೊಂಡೆ.

ಶನಿವಾರ ಬೆಳಿಗ್ಗೆ ರೈಲಿನಲ್ಲಿ ಹೋದೆವು. ರೋಟರ್‌ಡ್ಯಾಮ್‌ನಲ್ಲಿ ಇಳಿದು ಮೆಟ್ರೊ. ಮಹಾಬಲೇಶ್ವರರ ತೊಡೆಯ ಮೇಲೆ ಒಂದು ಆಫೀಸಿನ ಬ್ಯಾಗು. ಅದರಲ್ಲಿ ಏನೇನಿದೆ ಎಂದು ತೋರಿಸಿದರು. ಎರಡೂ ಅಂಚಿಗೆ ತೂತುಗಳಿರುವ ಪ್ರಿಂಟರ್ ಕಾಗದ, ಉದ್ದಕ್ಕೆ ಬಿಚ್ಚಿದರೆ ಸೀಟಿನಿಂದ ಸೀಟಿಗೆ ಬರುತ್ತದೆ. ಅದರಲ್ಲಿ ಮೂವತ್ತೊಂದು ಪರೀಕ್ಷೆಗಳ ಪಟ್ಟಿ. ಇಂಟರ್‌ನೆಟ್ಟಿನಲ್ಲಿ ಗಿಟಾರ್ ಹುಚ್ಚಿನವರು ಬರೆದುಕೊಂಡದ್ದನ್ನೆಲ್ಲ ಆರು ವಾರ ಕೂತು ಜೋಡಿಸಿದ್ದಂತೆ. ಹಲ್ಲಿನ ಡಾಕ್ಟರನ್ನು ಕೇಳಿ ತಂದ, ಉದ್ದ ಹಿಡಿಯ ಪುಟ್ಟ ಕನ್ನಡಿ. ಪೆನ್ನಿನಂಥ ಟಾರ್ಚು. ಕಳ್ಳನೋಟು ಹಿಡಿಯುವ ನೀಲಿ ದೀಪ. ಅದು ಬ್ಯಾಂಕಿನದು, ಮ್ಯಾನೇಜರಿಗೆ ಹೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ತಂದಿದ್ದರು.

ಈ ಗಿಟಾರಿನ ತಲೆಯ ಮೇಲೆ ಕಾರ್ಖಾನೆಯ ಹೆಸರಿಲ್ಲ, ಅದೇ ತೊಂದರೆ ಎಂದು ವಿವರಿಸಿದರು. ಮಾಲೀಕನಿಗೆ ಫೋನು ಮಾಡಿ ಕೇಳಿದ್ದರಂತೆ. ಹಾಲೋವೆಲ್‌ನವರು ಬೇರೆ ಅಂಗಡಿಗಳಿಗೆ ಹೆಸರಿಲ್ಲದೆಯೂ ಮಾಡಿಕೊಡುತ್ತಿದ್ದರು, ಇದು ಅಂಥದು ಎಂದು ಬೆಲೆಪತ್ರದಲ್ಲಿದೆಯಂತೆ. ಪಟ್ಟಿಯ ಮೂವತ್ತೊಂದನೆಯ ಪರೀಕ್ಷೆ ಅದಕ್ಕೇ ಇರುವುದು: ಹೆಸರಿರಲಿ ಇಲ್ಲದಿರಲಿ, ಹಾಲೋವೆಲ್‌ನ ತಪಾಸಣೆಯವನು ಮೇಲ್ಹಲಗೆಯ ಒಳಮೈಗೆ, ಸೀಳಿನ ಪಕ್ಕ, ಒಂದು ಕೆಂಪು ಚುಕ್ಕೆ ಇಡುತ್ತಿದ್ದ. ಹೊರಗಿನಿಂದ ಕಾಣುವುದಿಲ್ಲ. ಕನ್ನಡಿ ತೂರಿಸಿ ನೋಡಬೇಕು.

"ಒಂದು ಮಾತು," ಎಂದರು. "ಎಲ್ಲಾ ಆದ್ಮೇಲೆ ನಿಮ್ಮನ್ನ ಕೇಳ್ತೀನಿ. ನೀವು ಬೇಡ ಅಂದ್ರೆ ಬೇಡ. ಯಾಕೆ ಅಂತ ಕೇಳಲ್ಲ. ಕೇಳಿದ್ರೆ ವಾದ ಮಾಡ್ತೀನಿ, ವಾದ ಮಾಡಿದ್ರೆ ಗೆದ್ದುಬಿಡ್ತೀನಿ."

ಮಾಲೀಕ ಯೋಪ್ ಎಪ್ಪತ್ತರ ಆಸುಪಾಸಿನ ಮನುಷ್ಯ. ಮೂವತ್ತೊಂದು ವರ್ಷ ರೋಟರ್‌ಡ್ಯಾಮ್‌ನಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದವನು. ವಾರದ ಕೊನೆಗೆ ಡ್ಯಾನ್ಸ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದನಂತೆ, ಈಗ ಬೆರಳಿನ ಗೆಣ್ಣು ಬಾತಿವೆ. ಎಂಟನೆಯ ಮಹಡಿಯ ಫ್ಲ್ಯಾಟು, ಕಿಟಕಿಯ ತುಂಬ ಹೂಕುಂಡ. ಕಾಫಿ ಕೊಟ್ಟ, ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬದ ಮುಚ್ಚಳ ಹಾಕಿದ. ಆಮೇಲೆ ಗಿಟಾರಿನ ಪೆಟ್ಟಿಗೆ ತಂದು ಊಟದ ಮೇಜಿನ ಮೇಲಿಟ್ಟು ತೆರೆದ.

ಜೇನಿನ ಬಣ್ಣ. ಅಂಚಿನ ಕಡೆಗೆ ಸುಟ್ಟ ಬೆಲ್ಲದ ಬಣ್ಣ. ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸಿತು. ಹಳೆಯ ಸಾಮಾನು ಮಾರುವವನಿಗೆ ಎಲ್ಲವೂ ಎಲ್ಲೋ ನೋಡಿದ ಹಾಗೇ ಕಾಣುತ್ತದೆ ಎಂದುಕೊಂಡು ಬಿಸ್ಕತ್ತು ತಿಂದೆ.

ಮಹಾಬಲೇಶ್ವರ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಕೈ ತೊಳೆದುಕೊಂಡು ಬಂದು, ಪಟ್ಟಿಯನ್ನು ಮೇಜಿನ ಮೇಲೆ ಹಾಸಿದರು. ಅವರು ಗಿಟಾರನ್ನು ಮುಟ್ಟಿದ ರೀತಿ ನೋಡಿ ಯೋಪ್ ತನ್ನ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಇನ್ನು ಹೆದರಬೇಕಾಗಿಲ್ಲ ಎನ್ನುವ ಹಾಗೆ. ಸೀಳಿನ ಅಂಚಿಗೆ ಟಾರ್ಚ್ ಹಿಡಿದು ನೋಡಿದರು. ಪ್ಲೈವುಡ್ ಆಗಿದ್ದರೆ ಪದರ ಪದರ ಕಾಣಬೇಕು. ಇಲ್ಲಿ ಮರದ ಗೆರೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇಳಿದಿತ್ತು. ಇಡೀ ಹಲಗೆಯನ್ನು ಕೆತ್ತಿ ಉಬ್ಬಿಸಿದ್ದು. ಒಂದು ಟಿಕ್ಕು. ಮೆರುಗಿನಲ್ಲಿ ಕೂದಲೆಳೆಯಂಥ ಬಿರುಕುಗಳು, ಹಳೆಯ ಪಿಂಗಾಣಿಯಲ್ಲಿರುವ ಹಾಗೆ. ಇನ್ನೊಂದು ಟಿಕ್ಕು. ಗಿಟಾರನ್ನು ಎತ್ತಿಕೊಂಡು ಯೋಪನ ಕಿಟಕಿಯಿಲ್ಲದ ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ನೀಲಿ ದೀಪ ಹಚ್ಚಿದರು. ನನ್ನನ್ನೂ ಒಳಗೆ ಕರೆದರು. ಇಬ್ಬರು ಗಂಡಸರು, ಒಂದು ಗಿಟಾರು, ನಡುವೆ ಕಮೋಡು. ಹಳೆಯ ಮೆರುಗಾದರೆ ಹಸಿರು ಹಳದಿಯಾಗಿ ಮಂಕಾಗಿ ಹೊಳೆಯಬೇಕಂತೆ, ಹೊಳೆಯಿತು. ನಡುವೆ ಎಲ್ಲಿಯಾದರೂ ಮತ್ತೆ ಬಣ್ಣ ಬಳಿದಿದ್ದರೆ ಅಲ್ಲಿ ಕಪ್ಪು ತೇಪೆ ಕಾಣಬೇಕು, ಕಾಣಲಿಲ್ಲ.

ಇಷ್ಟೆಲ್ಲ ಮಾಡಿದರು, ತಂತಿಯನ್ನು ಮಾತ್ರ ಮೀಟಲಿಲ್ಲ. ಯಾಕೆ ಎಂದು ಕೇಳಿದೆ. ನಾದ ಕೇಳಿದರೆ ಉಳಿದದ್ದೆಲ್ಲ ಕ್ಷಮಿಸಿಬಿಡುತ್ತೇನೆ ಎಂದರು.

ಮೂವತ್ತು ಟಿಕ್ಕು ಆಗುವಷ್ಟರಲ್ಲಿ ಒಂದೂಮುಕ್ಕಾಲು ಗಂಟೆ ಕಳೆದಿತ್ತು. ಯೋಪ್ ಬೆಲೆಪತ್ರವನ್ನು ನನ್ನ ಕೈಗೆ ಕೊಟ್ಟಿದ್ದ. ಹೊತ್ತು ಹೋಗದೆ ಓದುತ್ತಿದ್ದೆ. ಉಟ್ರೆಖ್ಟ್‌ನ ಒಬ್ಬ ವ್ಯಾಪಾರಿ ಬರೆದದ್ದು. ಮೊದಲ ಸಾಲುಗಳೆಲ್ಲ ಮರ, ಮೆರುಗು, ಅಳತೆ. ಕೊನೆಯಲ್ಲಿ ಒಂದು ಸಾಲು: ಇದು ಅಮೆರಿಕದ ಐವತ್ತರ ದಶಕದ ವಾದ್ಯ ಎಂಬುದಕ್ಕೆ ೧೯೯೬ರ ನವೆಂಬರ್ ತಿಂಗಳ, ಆಮರ್ಸ್‌ಫೋರ್ಟ್‌ನ ಖರೀದಿ ರಸೀದಿಯೇ ಆಧಾರ.

ಆಮರ್ಸ್‌ಫೋರ್ಟ್‌ನಲ್ಲಿ ಹಳೆಯ ಗಿಟಾರ್ ಮಾರುವವರು ಬಹಳ ಮಂದಿ ಇಲ್ಲ. ಆ ಸಾಲನ್ನು ಮತ್ತೊಮ್ಮೆ ಓದಿದೆ.

ಅಷ್ಟರಲ್ಲಿ ಮಹಾಬಲೇಶ್ವರ ಎಡ ಸೀಳಿನೊಳಗೆ ಕನ್ನಡಿ ತೂರಿಸಿ, ಬಲ ಸೀಳಿನಿಂದ ಟಾರ್ಚಿನ ಬೆಳಕು ಬಿಟ್ಟು, ಕುತ್ತಿಗೆ ಸೊಟ್ಟ ಮಾಡಿಕೊಂಡು ನೋಡುತ್ತಿದ್ದರು. ಒಂದು ನಿಮಿಷ ಅಲ್ಲಾಡಲಿಲ್ಲ. ಆಮೇಲೆ ಬಹಳ ಮೆಲ್ಲಗೆ, "ಇದೆ ಶೆಟ್ರೇ," ಎಂದರು. "ಬನ್ನಿ. ಉಸಿರು ಬಿಡ್ಬೇಡಿ, ಕನ್ನಡಿ ಮಂಜಾಗತ್ತೆ."

ಬಗ್ಗಿ ನೋಡಿದೆ. ಒಂದು ನಾಣ್ಯದಷ್ಟು ಕನ್ನಡಿಯೊಳಗೆ, ಬಿಳಿ ಮರದ ಮೇಲೆ, ಬೆರಳ ತುದಿಯಷ್ಟಗಲದ ಕೆಂಪು ಬೊಟ್ಟು.

"ಸುತ್ತ ಒಂಚೂರು ಹಳದಿ ಇದೆ," ಎಂದರು ಮಹಾಬಲೇಶ್ವರ. "ಇಂಕು ಹಳೇದಾಗಿ ಹರಡಿರ್ಬೇಕು."

ಇಂಕು ಹರಡಿರಲಿಲ್ಲ. ಅನಸೂಯಮ್ಮನ ಹಣೆಯಲ್ಲಿ ಹದಿನೈದು ವರ್ಷದಿಂದ ದಿನಾ ನೋಡುತ್ತಿದ್ದ ಬಣ್ಣವನ್ನು ಆ ಮನುಷ್ಯ ಅಮೆರಿಕದ ಇಂಕು ಎನ್ನುತ್ತಿದ್ದರು. ಅದು ಅರಿಶಿನ, ಅದರ ಮೇಲೆ ಕುಂಕುಮ. ಇಟ್ಟದ್ದು ನನ್ನ ಹೆಂಡತಿ.

ಪ್ರತಿವರ್ಷ ಆಯುಧಪೂಜೆಯ ದಿನ ನಮ್ಮ ಅಂಗಡಿಯ ಎಲ್ಲ ಮಾಲಿಗೂ ಪೂಜೆ ಆಗುತ್ತದೆ. ಸೈಕಲ್ಲು, ಹೊಲಿಗೆ ಯಂತ್ರ, ಟೈಪ್‌ರೈಟರು, ಯಾವುದನ್ನೂ ಪ್ರಭಾ ಬಿಡುವುದಿಲ್ಲ. ಆ ವರ್ಷ ಒಂದು ಗಿಟಾರ್ ಇತ್ತು, ಒಂದು ಮನೆ ಖಾಲಿ ಮಾಡಿಸುವಾಗ ಬಂದದ್ದು. ಅದರ ಮುಖಕ್ಕೆ ಹಚ್ಚಬೇಡ, ಕಲೆ ಬಿದ್ದರೆ ಡಚ್ಚರು ಕೊಳ್ಳುವುದಿಲ್ಲ ಎಂದು ನಾನು ಕೂಗಿದ್ದೆ. ಅವಳು ಸೀಳಿನೊಳಗೆ ಬೆರಳು ತೂರಿಸಿ, ಮೇಲಕ್ಕೆ ಕೊಕ್ಕೆ ಮಾಡಿ, ಒಳಗಡೆಗೆ ಹಚ್ಚಿಬಿಟ್ಟಳು. ದೇವರಿಗೆ ಒಳಗೂ ಒಂದೇ ಹೊರಗೂ ಒಂದೇ ಎಂದಿದ್ದಳು. ಬೆರಳು ಬಾಗಿದ್ದರಿಂದ ಕುಂಕುಮ ಅರಿಶಿನದ ನಡುವೆ ಕೂರದೆ ಒಂದು ಪಕ್ಕಕ್ಕೆ ಸರಿದಿತ್ತು. ಕನ್ನಡಿಯಲ್ಲೂ ಹಾಗೆಯೇ ಕಂಡಿತು.

ಮುಂದಿನ ತಿಂಗಳು ಉಟ್ರೆಖ್ಟ್‌ನ ವ್ಯಾಪಾರಿ ಬಂದ. ಜರ್ಮನಿಯದೋ ಅಮೆರಿಕದ್ದೋ ಎಂದು ಕೇಳಿದ. ಗೊತ್ತಿಲ್ಲ ಎನ್ನಬೇಕಿತ್ತು. ಅದು ಬಂದದ್ದು ಜರ್ಮನ್ ಮುದುಕಿಯೊಬ್ಬಳ ಮನೆಯಿಂದ. ಅವಳ ತಂದೆ ಗಡಿಯಾಚೆಯ ಊರಿನಲ್ಲಿ ಮದುವೆಗಳಿಗೆ ನುಡಿಸುತ್ತಿದ್ದನಂತೆ. ಅಷ್ಟು ಗೊತ್ತಿದ್ದೂ, ಅಮೆರಿಕದ್ದಿರಬಹುದು ಎಂದೆ. ಇರಬಹುದು ಎಂಬುದು ವ್ಯಾಪಾರಿಯ ಬಾಯಿಗೆ ಎಲೆ ಅಡಿಕೆ ಇದ್ದ ಹಾಗೆ, ಅದಿಲ್ಲದೆ ಮಾತು ಹೊರಡುವುದಿಲ್ಲ. ರಸೀದಿ ಬರೆಯುವಾಗ ಮಾತ್ರ ಅವನು ಕೇಳಿದಂತೆ 'ಅಮೆರಿಕದ್ದು, ಐವತ್ತರ ದಶಕ' ಎಂದು ಬರೆದೆ. ಇರಬಹುದು ಬರೆಯಲಿಲ್ಲ.

"ಮೂವತ್ತೊಂದಕ್ಕೆ ಮೂವತ್ತೊಂದು," ಎಂದರು ಮಹಾಬಲೇಶ್ವರ. ಕೊನೆಯ ಟಿಕ್ಕು ಹಾಕುವಾಗ ಪೆನ್ನು ಕಾಗದದಲ್ಲಿ ತೂತು ಮಾಡಿತು. "ಈಗ ನೀವು ಹೇಳಿ."

"ಬೇಡ," ಎಂದೆ.

ಅಷ್ಟು ಸುಲಭ ಇತ್ತು ಅದು. ಕಾರಣ ಕೇಳುವುದಿಲ್ಲ ಎಂದು ಅವರೇ ಹೇಳಿದ್ದರು. ಅವರ ದುಡ್ಡು ಉಳಿಯಿತು, ನನ್ನ ಮರ್ಯಾದೆಯೂ ಉಳಿಯಿತು. ಒಂದು ಮಾತಿಗೆ ಎರಡು ಲಾಭ. ಇಂಥ ವ್ಯಾಪಾರ ದಿನಾ ಸಿಗುವುದಿಲ್ಲ.

ಮಹಾಬಲೇಶ್ವರ ಯಾಕೆ ಎಂದು ಕೇಳಲಿಲ್ಲ. ಕನ್ನಡಿಯನ್ನು ಒರೆಸಿ ಡಬ್ಬಿಗೆ ಹಾಕಿದರು. ಪಟ್ಟಿಯನ್ನು ತೂತಿನ ಅಂಚು ತೂತಿನ ಅಂಚಿಗೆ ಕೂರುವಂತೆ ಮಡಿಚಿದರು. ಯೋಪನಿಗೆ, ತಮ್ಮ ಅರ್ಧಂಬರ್ಧ ಡಚ್ಚಿನಲ್ಲಿ, ಬಹಳ ಒಳ್ಳೆಯ ಗಿಟಾರು, ಕ್ಷಮಿಸಿ, ಈ ಸಲ ಆಗುವುದಿಲ್ಲ ಎಂದರು. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ಎದೆಯ ಮೇಲೆ ಬಟ್ಟೆ ಹೊದಿಸಿ, ಮುಚ್ಚಳ ಹಾಕಿ, ಎರಡು ಕೊಂಡಿ ಹಾಕಿದರು. ಮೂರನೆಯ ಕೊಂಡಿಯ ಮೇಲೆ ಬೆರಳಿಟ್ಟವರು ಹಾಗೇ ನಿಂತರು.

ನಾರಾಯಣಸ್ವಾಮಿಯ ಬೀಗ ನೆನಪಾಯಿತು. ಈ ಸಲ ಬೀಗ ಹಾಕಿದವನು ನಾನು. ಗಿಟಾರಿನಲ್ಲಿ ಯಾವ ತಪ್ಪೂ ಇರಲಿಲ್ಲ. ಇಡೀ ಹಲಗೆಯಲ್ಲಿ ಕೆತ್ತಿದ್ದು ನಿಜ, ವಯಸ್ಸು ನಿಜ, ಮೆರುಗು ನಿಜ. ಸುಳ್ಳಾಗಿದ್ದದ್ದು ನನ್ನ ರಸೀದಿ. ನನ್ನ ಸುಳ್ಳನ್ನು ನಾನು ಜೇಬಿನಲ್ಲಿಟ್ಟುಕೊಂಡು ಹೊರಟರೆ ಈ ಮನುಷ್ಯ ಸರಿಯಾದ ಬೆಲೆಗೆ ಸಿಗಬಹುದಾದ ವಸ್ತುವನ್ನು ಬಿಟ್ಟು, ಯಾಕೆ ಬಿಟ್ಟೆ ಎಂದೂ ತಿಳಿಯದೆ, ಆಮರ್ಸ್‌ಫೋರ್ಟ್‌ಗೆ ವಾಪಸು ಬರುತ್ತಾರೆ. ಅದೂ ನನ್ನ ಮಾತು ನಂಬಿಕೊಂಡು.

"ಮಹಾಬಲೇಶ್ವರರೇ," ಎಂದೆ, "ಅದು ಇಂಕಲ್ಲ. ಅರಿಶಿನ ಕುಂಕುಮ. ನಮ್ಮ ಪ್ರಭಾ ಇಟ್ಟದ್ದು."

ಅವರು ತಿರುಗಿ ನೋಡಿದರು. ನಾನು ಎಲ್ಲವನ್ನೂ ಹೇಳಿದೆ: ಪೂಜೆ, ಮುದುಕಿ, ಉಟ್ರೆಖ್ಟ್‌ನವನು, ರಸೀದಿ. ಯೋಪ್ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದ, ಭಾಷೆ ತಿಳಿಯದಿದ್ದರೂ ಯಾರದೋ ಸಾವಿನ ಸುದ್ದಿ ಎನ್ನುವಂತೆ.

"ಯಾವ ವರ್ಷದ ಪೂಜೆ?" ಎಂದರು ಮಹಾಬಲೇಶ್ವರ.

"ತೊಂಬತ್ತಾರು."

ಪಟ್ಟಿಯನ್ನು ಮತ್ತೆ ಬಿಚ್ಚಿದರು. ಮೂವತ್ತೊಂದನೆಯ ಟಿಕ್ಕನ್ನು ಹೊಡೆದು ಹಾಕಿ, ಅದರ ಕೆಳಗೆ ಮೂವತ್ತೆರಡು ಎಂದು ಹಾಕಿ ಬರೆದರು: ಆಯುಧಪೂಜೆ, ೧೯೯೬, ಆಗಿದೆ. ಬರೆಯುತ್ತ ಬರೆಯುತ್ತ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದು ಹೆದರಿದೆ. ನಗುತ್ತಿದ್ದರು. ಮೂರು ವರ್ಷದಲ್ಲಿ ಅವರ ಹಲ್ಲು ನಾನು ಕಂಡದ್ದು ಅವತ್ತೇ.

"ಮನೇಲಿ ದಿನಾ ನೋಡ್ತೀನಲ್ರೀ ಶೆಟ್ರೇ," ಎಂದರು. "ಗುರುತು ಸಿಗ್ಲಿಲ್ವಲ್ಲ. ಅದಕ್ಕೇ ಅಂದಿದ್ದು, ಬೇಕಾದೋನಿಗೆ ಕಣ್ಣು ಕಾಣಲ್ಲ ಅಂತ." ಆಮೇಲೆ ಕನ್ನಡಕ ತೆಗೆದು ಒರೆಸಿದರು. ವ್ಯಾಪಾರ ಮುರಿಯಿತು ಎಂದುಕೊಂಡೆ. "ಆ ಅಮೆರಿಕಾ ಅನ್ನೋ ಮಾತಿಗೆ ಎಷ್ಟು ಹಾಕಿದ್ರಿ?"

"ಒಂಬೈನೂರಕ್ಕೆ ಮಾರಿದ್ದು. ಅದ್ರಲ್ಲಿ ನಾನೂರು ಅದಕ್ಕೇ ಅಂತ ಇಟ್ಕೊಳ್ಳಿ."

"ಹಂಗಾದ್ರೆ ಇವ್ರಿಗೆ ನೀವೇ ಹೇಳಿ. ನನ್ನ ಡಚ್ಚು ಅಷ್ಟು ದೂರ ಹೋಗಲ್ಲ."

ಅವರ ಡಚ್ಚು ಅಷ್ಟು ದೂರ ಹೋಗುತ್ತಿತ್ತು, ಅದು ನನಗೂ ಗೊತ್ತು. ಆದರೆ ಹೇಳಬೇಕಾದವನು ನಾನು. ಹೇಳಿದೆ. ಈ ದೇಶದ ಭಾಷೆಯಲ್ಲಿ ನಾನು ಸಾವಿರ ಸಲ ಬೆಲೆ ಹೇಳಿದ್ದೇನೆ, ತಪ್ಪು ಒಪ್ಪಿಕೊಂಡದ್ದು ಅದೇ ಮೊದಲು, ಪದಗಳನ್ನು ಹುಡುಕಬೇಕಾಯಿತು. ಯೋಪ್ ಪೂರ್ತಿ ಕೇಳಿಸಿಕೊಂಡ. ಅವನು ಉಟ್ರೆಖ್ಟ್‌ನವನಿಗೆ ಕೊಟ್ಟದ್ದು ನಾಲ್ಕು ಸಾವಿರ. ಮುಖ ಕೆಂಪಾಯಿತು, ಆದರೆ ಕೂಗಾಡಲಿಲ್ಲ. ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ. ಆ ಕೆಂಪು ಏನು ಎಂದು ಕೇಳಿದ. ವರ್ಷಕ್ಕೊಂದು ದಿನ ನಾವು ಕೆಲಸ ನಿಲ್ಲಿಸಿ, ಅನ್ನ ಕೊಡುವ ಸಾಮಾನಿಗೆ ಕೈ ಮುಗಿಯುತ್ತೇವೆ ಎಂದೆ. ಅವನು ತನ್ನ ಬಾತ ಬೆರಳುಗಳನ್ನು ನೋಡಿಕೊಂಡು, ಮೂವತ್ತೊಂದು ವರ್ಷ ನನ್ನ ಟ್ರಾಮಿಗೆ ಯಾರೂ ಬೊಟ್ಟಿಡಲಿಲ್ಲ ಎಂದ. ಆಮೇಲೆ ಮಹಾಬಲೇಶ್ವರರ ಕಡೆ ತಿರುಗಿ, ಎರಡು ಗಂಟೆಯಿಂದ ಬರೀ ನೋಡುತ್ತಿದ್ದೀಯಲ್ಲ, ನುಡಿಸಲು ಬರುತ್ತದೆಯೋ ಇಲ್ಲವೋ ಎಂದ.

ಮಹಾಬಲೇಶ್ವರ ಕೊಂಡಿಗಳನ್ನು ತೆಗೆದರು. ಕುರ್ಚಿಯನ್ನು ಗೋಡೆಯ ಮೂಲೆಗೆ ಎಳೆದುಕೊಂಡು ಕೂತರು. ವೇದಿಕೆಯ ಮೂಲೆಯ ಅಭ್ಯಾಸ. ಶ್ರುತಿ ಮಾಡಿಕೊಂಡು ನುಡಿಸಿದ್ದು ಹಾಡಲ್ಲ. ಹಾಡಿನ ಚರಣಗಳ ನಡುವೆ, ಹಾಡುವವನು ಉಸಿರು ತೆಗೆದುಕೊಳ್ಳುವಾಗ, ಗಿಟಾರಿನವನಿಗೆ ಸಿಗುವ ಆ ನಾಲ್ಕು ಸಾಲು. ಒಂದಾದ ಮೇಲೆ ಒಂದು, ಬರೀ ಅವೇ. ಹಾಡು ಇಲ್ಲದೆ ಅವು ಹೇಗೆ ನಿಲ್ಲುತ್ತವೆಯೋ ಅಂದುಕೊಂಡೆ, ನಿಂತವು. ಯೋಪ್ ಪಾದದಲ್ಲಿ ತಾಳ ಹಾಕತೊಡಗಿದ. ಸಂಗೀತ ನನಗೆ ತಿಳಿಯುವುದಿಲ್ಲ. ಮಾಲು ತನ್ನ ಗಿರಾಕಿಯ ಕೈ ಸೇರಿದಾಗ ನನಗೆ ತಿಳಿಯುತ್ತದೆ.

ಉಳಿದದ್ದು ಬೇಗ ಆಯಿತು. ಎರಡು ಸಾವಿರ ಕೊಡುತ್ತೇನೆ, ಹೆಸರಿಲ್ಲದ ಒಳ್ಳೆಯ ಕೆತ್ತನೆಯ ಗಿಟಾರಿಗೆ ಅದು ನ್ಯಾಯವಾದ ಬೆಲೆ, ಪಟ್ಟಿಯ ಮೊದಲ ಪುಟದಲ್ಲಿ ಲೆಕ್ಕ ಇದೆ ಎಂದರು ಮಹಾಬಲೇಶ್ವರ. ಯೋಪ್ ಒಪ್ಪಿದ. ನಾನು ನನ್ನ ನಾನೂರನ್ನು ಮೇಜಿನ ಮೇಲಿಟ್ಟೆ. ಜೊತೆಗೆ, ೧೯೯೬ರಲ್ಲಿ ನಾನು ಬರೆದ ರಸೀದಿಯಲ್ಲಿ ಅಮೆರಿಕ ಎಂಬುದಕ್ಕೆ ಯಾವ ಆಧಾರವೂ ಇರಲಿಲ್ಲ ಎಂದು ಸಹಿ ಹಾಕಿ ಪತ್ರ ಬರೆದುಕೊಟ್ಟೆ. ಅದನ್ನು ಹಿಡಿದು ಯೋಪ್ ಉಟ್ರೆಖ್ಟ್‌ಗೆ ನಾಲ್ಕು ಸಲ ಅಲೆದ. ಉಳಿದದ್ದರಲ್ಲಿ ಬಹುಪಾಲು ವಾಪಸು ಬಂತು ಎಂದು ಡಿಸೆಂಬರಿನಲ್ಲಿ ಕಾರ್ಡು ಹಾಕಿದ್ದ. ಉಟ್ರೆಖ್ಟ್‌ನವನು ಆಮೇಲೆ ನನ್ನ ಅಂಗಡಿಗೆ ಬಂದಿಲ್ಲ. ಅವನ ವ್ಯಾಪಾರ ತಪ್ಪಿದ್ದು ನನಗೆ ನಷ್ಟವೇ, ಸುಳ್ಳು ಹೇಳುವುದಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಗಿಟಾರಿಗೆ ಒಂದು ಸೀಟು. ಟಿಕೆಟ್ ನೋಡುವವನು ಬಂದಾಗ ಮಹಾಬಲೇಶ್ವರ ಅದನ್ನು ತೊಡೆಯ ಮೇಲೆ ಎಳೆದುಕೊಂಡ ರೀತಿ ನೋಡಿ ಅವನು ನಮ್ಮ ಟಿಕೆಟ್ಟಿಗೆ ತೂತು ಹಾಕಿ ಮುಂದೆ ಹೋದ. ಗೌಡಾ ಸ್ಟೇಷನ್ ದಾಟಿದ ಮೇಲೆ ಅವರು ಕಿಟಕಿಯಾಚೆ ನೋಡುತ್ತ, "ನಾರಾಯಣಸ್ವಾಮೀದೂ ಹಾಲೋವೆಲ್ ಹೌದೋ ಅಲ್ವೋ," ಎಂದರು. "ಅವತ್ತು ಯಾರ್ ಕನ್ನಡಿ ಹಿಡ್ದಿದ್ರು?"

ಮನೆಯಲ್ಲಿ ಅನಸೂಯಮ್ಮ ಗಿಟಾರನ್ನು ನೋಡಿ, ಬಂತಲ್ಲ ಸವತಿ ಎಂದು, ವಾಷಿಂಗ್ ಮೆಷಿನಿನ ಕೆಳಗೆ ಇಟ್ಟಿದ್ದ ಬಕೆಟ್ಟನ್ನು ತೋರಿಸಿದರಂತೆ. ಮರುದಿನ ಅದು ರಿಪೇರಿಯಾಯಿತು. ಮುಂದಿನ ಆಯುಧಪೂಜೆಗೆ ಅನಸೂಯಮ್ಮನೇ ಗಿಟಾರಿನ ಸೀಳಿನೊಳಗೆ ಬೆರಳು ತೂರಿಸಿ, ಪ್ರಭಾಳ ಬೊಟ್ಟಿನ ಪಕ್ಕ ಇನ್ನೊಂದು ಬೊಟ್ಟು ಇಟ್ಟರು.

ನಾನು ಕಾಯುತ್ತಿದ್ದದ್ದು ಬೇರೆ. ಆಮರ್ಸ್‌ಫೋರ್ಟ್‌ನ ಕನ್ನಡಿಗರು ಎಷ್ಟು ಮಂದಿ? ಒಂದು ಮನೆಯ ಒಗ್ಗರಣೆ ಎಲ್ಲ ಮನೆಗೂ ತಿಳಿಯುತ್ತದೆ. ಶೆಟ್ಟರು ಸುಳ್ಳು ರಸೀದಿ ಬರೆದಿದ್ದರು ಎಂದು ಮಹಾಬಲೇಶ್ವರ ಒಬ್ಬರ ಹತ್ತಿರ ಅಂದಿದ್ದರೂ ನನ್ನ ಅಂಗಡಿಯ ಬಾಗಿಲು ಮುಚ್ಚುತ್ತಿತ್ತು. ಯುಗಾದಿಯ ಊಟದ ದಿನ ಅವರು ಎಲ್ಲರೆದುರು ನುಡಿಸಿದರು. ಎಲ್ಲಿಯ ಗಿಟಾರು, ಯಾರು ಮಾಡಿದ್ದು ಎಂದು ಯಾರೋ ಕೇಳಿದರು. ನಾನು ಪಾಯಸದ ಲೋಟದೊಳಗೆ ನೋಡುತ್ತಿದ್ದೆ.

"ಗೊತ್ತಿಲ್ಲ," ಎಂದರು ಮಹಾಬಲೇಶ್ವರ. "ಚೆನ್ನಾಗಿದೆ."

ಈಗಲೂ ಶನಿವಾರ ಬರುತ್ತಾರೆ, ಯಾರನ್ನಾದರೂ ಕರೆದುಕೊಂಡು. ಈಗಲೂ ಕನ್ನಡಕ ಒರೆಸಿ ನನ್ನ ವ್ಯಾಪಾರ ಮುರಿಯುತ್ತಾರೆ, ಕಳೆದ ವಾರವೂ ಒಂದು ಟಿ.ವಿ. ಹೋಯಿತು. ಡಿಸೆಂಬರಿಗೆ ಅವರ ಕಾಂಟ್ರ್ಯಾಕ್ಟು ಮುಗಿಯುತ್ತದೆ. ಅವರು ಯಾರಿಗೂ ಹೇಳದೆ ಉಳಿಸಿದ ಮಾತನ್ನು ಅವರು ಹೊರಡುವ ಮೊದಲು ನಾನೇ ಹೇಳಿಬಿಡುವುದು ಸರಿ ಅನ್ನಿಸಿ ಇದನ್ನು ಬರೆದೆ.

ನನ್ನ ಅಂಗಡಿಯ ಚೀಟಿಗಳಲ್ಲಿ ಈಗ, ಮಾಲು ಎಲ್ಲಿಯದೆಂದು ನನಗೆ ತಿಳಿಯದಿದ್ದರೆ, ಗೊತ್ತಿಲ್ಲ ಎಂದು ಬರೆದಿರುತ್ತದೆ. ಹಾಗೆ ಬರೆಯುವುದನ್ನು ನಾನು ಕಲಿತದ್ದು ಮಹಾಬಲೇಶ್ವರರಿಂದ. ಅದಕ್ಕೂ, ಯುಗಾದಿಯ ದಿನ ಅವರು ಆಡದೆ ಬಿಟ್ಟ ಮಾತಿಗೂ ನಾನು ಅವರಿಗೆ ಋಣಿ.